ಪಂಕಪ್ರಕ್ಷಾಲನ ನ್ಯಾಯವೂ ಹಡಗಿನ ಹೊಗೆಯೂ

ಶಾಸ್ತ್ರಗ್ರಂಥಗಳಲ್ಲಿ ಆಗಾಗ ಬರುವ ಲೌಕಿಕ ನ್ಯಾಯಗಳಲ್ಲಿ ಪಂಕಪ್ರಕ್ಷಾಲನ ನ್ಯಾಯವೆಂಬದೊಂದು. ಕೆಸರಿನಲ್ಲಿ ಕಾಲಿಟ್ಟು ತರುವಾಯ ತೊಳೆದುಕೊಳ್ಳಲು ನೀರನ್ನು ಹುಡುಕುವದಕ್ಕಿಂತ, ಕೆಸರನ್ನು ಮುಟ್ಟದೆ ದೂರದಿಂದಲೇ ಹಾದುಹೋಗುವದು ಲೇಸೆಂಬದು ಅದರ ತಾತ್ಪರ್ಯ. ದಾನಮಾಡುವ ಉದ್ದೇಶದಿಂದಲೇ ಅನ್ಯಾಯದ ಧನವನ್ನು ಗಳಿಸುವೆನೆನ್ನುವವನ ಮುಂದೆ ಪಂಡಿತರು ಇದನ್ನು ಹೇಳುತ್ತ ಬಂದಿದ್ದಾರೆ. ಅದೇ ನ್ಯಾಯವು ಈಗ ಸಮುದ್ರದ ಮೇಲೆ ಸಂಚರಿಸುವ ಮಹಾನೌಕೆಗಳ ಹೊಗೆಯ ವಿಷಯದಲ್ಲಿ ವಾದಕ್ಕೆ ಬಂದಿರುವದು. ಗಂಧಕವುಳ್ಳ ತೈಲವನ್ನು ಉರಿಸಿ ಅದರ ಹೊಗೆಯನ್ನು ನೀರಿನಿಂದ ತೊಳೆಯಬೇಕೋ, ಅಥವಾ ಗಂಧಕವನ್ನು ಮೊದಲೇ ತೆಗೆದ ತೈಲವನ್ನು ಉರಿಸಬೇಕೋ ಎಂಬದೇ ಆ ವಾದ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಿಗೆ ಸಮುದ್ರವು ಸಹ್ಯಾದ್ರಿಯ ಆಚೆಗಿರುವದು. ಇಲ್ಲಿಯ ಜನರಿಗೆ ಹಡಗಿನ ಹೊಗೆಯ ಚಿಂತೆ ಏತಕ್ಕೆಂದು ಯಾರಾದರೂ ಕೇಳಬಹುದು. ಆದರೆ ಈ ಸೀಮೆಗೂ ಆ ಹೊಗೆಗೂ ಎರಡು ಬಗೆಯ ಸಂಬಂಧವುಂಟು. ಮೊದಲನೆಯದು ವ್ಯಾಪಾರದ್ದು. ಉಗಿಬಂಡಿ ಬರುವದಕ್ಕಿಂತ ಮುಂಚೆ ಬೆಳಗಾವಿ ಸೀಮೆಯ ಮಾಲು ಘಟ್ಟವಿಳಿದು ವೆಂಗುರ್ಲಾ ಬಂದರಕ್ಕೆ ಹೋಗಿ ಅಲ್ಲಿಂದ ಕಡಲು ದಾಟುತ್ತಿತ್ತು. ೨೦೨೧-೨೨ರ ಹಂಗಾಮಿನಲ್ಲಿ ಭಾರತವು ಒಂದು ಕೋಟಿ ಟನ್ನಿಗೂ ಮಿಕ್ಕಿ ಸಕ್ಕರೆಯನ್ನು ಪರದೇಶಗಳಿಗೆ ಕಳಿಸಿತು. ಅದರಲ್ಲಿ ದೊಡ್ಡ ಪಾಲು ಮಹಾರಾಷ್ಟ್ರ ಕರ್ನಾಟಕಗಳದು, ಮತ್ತು ಅದರ ಬಹುಭಾಗವು ಹೋದದ್ದು ಹಡಗಿನಲ್ಲಿಯೇ. ಎರಡನೆಯ ಸಂಬಂಧವು ಇನ್ನೂ ಹತ್ತಿರದ್ದು. ಹಡಗಿನ ಹೊಗೆಯಲ್ಲಿ ದೋಷವೆನಿಸಿದ ಗಂಧಕದ ಅನಿಲವನ್ನು ಈ ಐದು ತಾಲೂಕುಗಳಲ್ಲಿ ಪ್ರತಿವರ್ಷವೂ ಬುದ್ಧಿಪೂರ್ವಕವಾಗಿ ಹುಟ್ಟಿಸಿ, ಬುದ್ಧಿಪೂರ್ವಕವಾಗಿಯೇ ಹಿಡಿದು ಬಂಧಿಸುತ್ತಾರೆ. ಹಡಗಿನ ಯಂತ್ರವನ್ನು ತಿಳಿಯಬೇಕಾದರೆ ಮೊದಲು ಮನೆಯ ಹತ್ತಿರದ ಯಂತ್ರವನ್ನು ನೋಡುವದು ಸುಗಮವಾಗುವದು.

ಕಬ್ಬಿನ ಹಾಲು ಗಾಣದಿಂದ ಬಂದಾಗ ಕೊಳೆ, ಮೇಣ, ಬಣ್ಣಗಳಿಂದ ಕೂಡಿರುತ್ತದೆ. ಬೆಲ್ಲ ಮಾಡುವ ರೈತರು ಕುದಿಯುವ ಕೊಪ್ಪರಿಗೆಯಲ್ಲಿ ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನೂ ತುಸು ಸುಣ್ಣವನ್ನೂ ಹಾಕಿ, ಮೇಲೆ ಬಂದ ಮಡ್ಡಿಯನ್ನು ತೆಗೆಯುವ ಪದ್ಧತಿಯು ಈ ಭಾಗದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬೆಲ್ಲಕ್ಕೆ ಅಷ್ಟು ಸಾಕು. ಬಿಳಿಯ ಸಕ್ಕರೆಗೆ ಸಾಲದು. ೧೯೩೨ರಲ್ಲಿ ಸಕ್ಕರೆಯ ಉದ್ಯೋಗಕ್ಕೆ ಸಂರಕ್ಷಣೆಯನ್ನೀಯುವ ಕಾಯದೆಯಾದ ಮೇಲೆ ಹಿಂದುಸ್ಥಾನದಲ್ಲಿ ಕಾರಖಾನೆಗಳು ಒಂದರ ಹಿಂದೊಂದು ಹುಟ್ಟಿದವು. ಕೃಷ್ಣಾತೀರದಲ್ಲಿ ೧೯೩೯ರಲ್ಲಿ ಶಿರಗಾವಕರ ಮನೆತನದವರು ಉಗಾರ ಶುಗರ ವರ್ಕ್ಸನ್ನು ಸ್ಥಾಪಿಸಿದರು. ಸ್ವಾತಂತ್ರ್ಯಾನಂತರ ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗದ್ದು ಮುಂತಾಗಿ ಸಹಕಾರಿ ಕಾರಖಾನೆಗಳೂ, ತರುವಾಯ ಅನೇಕ ಖಾಸಗಿ ಕಾರಖಾನೆಗಳೂ ಆದವು.

ಬಿಳಿಯ ಸಕ್ಕರೆ ಮಾಡುವ ಇಂಥ ಕಾರಖಾನೆಗಳಲ್ಲಿ ಬಹುಕಾಲದಿಂದ ನಡೆದಿರುವ ಕ್ರಮವು ಹೀಗಿದೆ. ಒಂದು ಕುಲುಮೆಯಲ್ಲಿ ಹಳದಿಯ ಗಂಧಕವನ್ನು ಉರಿಸುವರು. ಅದು ಗಾಳಿಯಲ್ಲಿಯ ಆಮ್ಲಜನಕವನ್ನು ತನ್ನ ತೂಕದಷ್ಟೇ ಕೂಡಿಸಿಕೊಂಡು, ಒಂದು ಸೇರು ಗಂಧಕವು ಎರಡು ಸೇರು ಅನಿಲವಾಗುವದು. ಈ ಅನಿಲವನ್ನೂ ಸುಣ್ಣದ ಹಾಲನ್ನೂ ಬಿಸಿಮಾಡಿದ ಕಬ್ಬಿನ ಹಾಲಿನೊಳಗೆ ಕೂಡಿಯೇ ಬಿಡುವರು. ಅನಿಲವು ಆಮ್ಲ, ಸುಣ್ಣವು ಕ್ಷಾರ. ಎರಡೂ ಸೇರಿ ಗಟ್ಟಿಯಾದ ಸಣ್ಣ ಕಣಗಳಾಗಿ, ಕೊಳೆಯನ್ನೂ ಬಣ್ಣವನ್ನೂ ಅಪ್ಪಿಕೊಂಡು ತಳಕ್ಕೆ ಇಳಿಯುವವು. ಆ ಮಡ್ಡಿಯನ್ನು ಸೋಸಿ ತೆಗೆದು ರೈತರ ಹೊಲಗಳಿಗೆ ಗೊಬ್ಬರವಾಗಿ ಕಳಿಸುವರು. ಒಂದು ಟನ್ ಕಬ್ಬಿಗೆ ಸುಮಾರು ಅರ್ಧ ಕಿಲೋ ಗಂಧಕ ಬೇಕಾಗುವದು. ದಿನಕ್ಕೆ ೫,೦೦೦ ಟನ್ ಕಬ್ಬು ನುರಿಸುವ ಕಾರಖಾನೆಯಲ್ಲಿ ದಿನಕ್ಕೆ ಎರಡೂವರೆ ಟನ್ ಗಂಧಕ ಉರಿಯುವದೆಂದಾಯಿತು. ಕುಲುಮೆಯ ಹತ್ತಿರ ಕೆಲಸಮಾಡುವ ಕೂಲಿಕಾರನಿಗೆ ಆ ಅನಿಲವು ಸ್ವಲ್ಪ ತಪ್ಪಿಸಿಕೊಂಡರೂ ಕೆಮ್ಮು ಬರುವದು, ಕಣ್ಣು ಉರಿಯುವದು. ಆದರೆ ಬಹುಭಾಗವು ಸುಣ್ಣದ ವಶವಾಗಿ ಊರಿನ ಗಾಳಿಗೆ ಬಾರದಿರುವದು. ಆಮ್ಲಧೂಮವನ್ನು ಕ್ಷಾರಜಲದಿಂದ ಹಿಡಿಯಬಹುದೆಂಬ ಈ ತತ್ವವೇ ಹಡಗಿನ ಹೊಗೆ ತೊಳೆಯುವ ಯಂತ್ರದ ಮೂಲತತ್ವ.

ಇನ್ನು ಹಡಗಿನ ಕಡೆಗೆ ತಿರುಗಬಹುದು. ಭೂಮಿಯಿಂದ ತೆಗೆದ ಕಲ್ಲೆಣ್ಣೆಯನ್ನು ಬಟ್ಟಿಯಿಳಿಸುವಾಗ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳು ಮೇಲೇರಿ ಹೋಗಿ, ತಳದಲ್ಲಿ ಡಾಂಬರಿನಂಥ ದಪ್ಪ ಶೇಷವು ಉಳಿಯುವದು. ಕಲ್ಲೆಣ್ಣೆಯಲ್ಲಿಯ ಗಂಧಕದ ಹೆಚ್ಚಿನ ಪಾಲು ಆ ಶೇಷದಲ್ಲಿಯೇ ಸೇರಿಕೊಂಡಿರುವದು. ಅದು ಅಗ್ಗ, ಬಿಸಿಮಾಡಿದ ಹೊರತು ಹರಿಯದು, ಆದರೆ ಹಡಗಿನ ದೈತ್ಯ ಇಂಜಿನಗಳು ಅದನ್ನು ಜೀರ್ಣಿಸಿಕೊಳ್ಳಬಲ್ಲವು. ಕಲ್ಲಿದ್ದಲಿನ ಕಾಲವು ಮುಗಿದ ಮೇಲೆ ಜಗತ್ತಿನ ಹಡಗುಗಳು ಬಹುತರವಾಗಿ ಇದನ್ನೇ ಉರಿಸುತ್ತ ಬಂದವು. ನೂರಕ್ಕೆ ಮೂರೂವರೆ ಭಾಗ ಗಂಧಕವುಳ್ಳ ಇಂಥ ತೈಲವನ್ನು ದಿನಕ್ಕೆ ೧೦೦ ಟನ್ ಉರಿಸುವ ಒಂದು ಹಡಗು ಮೂರೂವರೆ ಟನ್ ಗಂಧಕವನ್ನು ಸುಟ್ಟು ಏಳು ಟನ್ ಅನಿಲವನ್ನು ಹೊರಗೆ ಬಿಡುವದು. ಅಂದರೆ ಒಂದು ದೊಡ್ಡ ಸಕ್ಕರೆ ಕಾರಖಾನೆಗಿಂತ ಹೆಚ್ಚು ಗಂಧಕವನ್ನು ಒಂದು ಹಡಗು ದಿನವೂ ಸುಡುತ್ತಿತ್ತು; ಆದರೆ ಅದನ್ನು ಹಿಡಿಯಲು ಅಲ್ಲಿ ಸುಣ್ಣದ ಹಾಲು ಇರಲಿಲ್ಲ. ಬಂದರದ ಊರುಗಳಲ್ಲಿ ವಾಸಿಸುವವರೂ ಹಡಗಿನ ಖಲಾಸಿಗಳೂ ಅದನ್ನು ಉಸಿರಾಡಿದರು. ಉಳಿದುದು ಗಾಳಿಯಲ್ಲಿ ಗಂಧಕಾಮ್ಲವಾಗಿ, ಸೂಕ್ಷ್ಮ ಕಣಗಳಾಗಿ ದೂರದೂರಕ್ಕೆ ಹರಡಿತು.

ಹೊಗೆಯ ಮೇಲಿನ ದೂರು ಹೊಸದಲ್ಲ. ಇ.ಸ. ೧೬೬೧ರಲ್ಲಿಯೇ ಜಾನ್ ಈವಲಿನ್ ಎಂಬವನು ಲಂಡನ್ನಿನ ಕಲ್ಲಿದ್ದಲ ಹೊಗೆಯನ್ನು ಕುರಿತು ಗ್ರಂಥ ಬರೆದು ಅರಸನಿಗೆ ಅರ್ಪಿಸಿದ್ದನು. ಆದರೆ ಹೊಗೆಯನ್ನು ತೊಳೆಯುವ ಕಲೆಯು ಹುಟ್ಟಿದ್ದು ಬೇರೊಂದು ಉದ್ಯೋಗದಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಂಡಿನ ಕಾರಖಾನೆಗಳು ಉಪ್ಪಿನಿಂದ ಸೋಡಾ ಮಾಡುವಾಗ ಲವಣಾಮ್ಲದ ಧೂಮವು ಹೊರಟು ಸುತ್ತಲಿನ ಗಿಡಮರಗಳನ್ನು ಸುಟ್ಟುಹಾಕುತ್ತಿತ್ತು. ೧೮೩೬ರಲ್ಲಿ ವಿಲಿಯಮ್ ಗಾಸೇಜ್ ಎಂಬವನು ಹಾಳುಬಿದ್ದ ಗಾಳಿಗಿರಣಿಯ ಗೋಪುರವೊಂದರಲ್ಲಿ ಮುಳ್ಳುಕಂಟಿಗಳನ್ನು ತುಂಬಿ, ಮೇಲಿಂದ ನೀರನ್ನು ಜಿನುಗಿಸಿ, ಅದರೊಳಗೆ ಧೂಮವನ್ನು ಹಾಯಿಸಿದನು. ಕಂಟಿಗಳ ಮೇಲೆ ತೆಳ್ಳಗೆ ಹರಡಿದ ನೀರು ಧೂಮವನ್ನು ಹೀರಿಕೊಂಡಿತು. ೧೮೬೩ರ ಕ್ಷಾರ ಕಾಯದೆಯು, ನೂರಕ್ಕೆ ೯೫ ಭಾಗ ಲವಣಾಮ್ಲ ಧೂಮವನ್ನು ಹಿಡಿಯಲೇಬೇಕೆಂದು ವಿಧಿಸಿತು. ಅದರ ಮೊದಲನೆಯ ಪರೀಕ್ಷಕನಾದ ರಾಬರ್ಟ್ ಆಂಗಸ್ ಸ್ಮಿಥ್ ಎಂಬವನೇ ೧೮೭೨ರ ತನ್ನ ಗ್ರಂಥದಲ್ಲಿ ಆಮ್ಲವರ್ಷವೆಂಬ ಮಾತನ್ನು ಬಳಕೆಗೆ ತಂದವನು.

ಇಲ್ಲಿ ವಾಚಕರು ಗಮನಿಸತಕ್ಕ ಸಂಗತಿಯೊಂದುಂಟು. ಗಾಳಿಯೇನೋ ತಿಳಿಯಾಯಿತು, ಆದರೆ ಗೋಪುರದ ತಳದಿಂದ ಹೊರಟ ಆಮ್ಲಜಲವನ್ನು ಅನೇಕರು ಹತ್ತಿರದ ಹಳ್ಳಗಳಿಗೆ ಬಿಟ್ಟರು. ಹೊಲದವನ ದೂರು ನಿಂತು ಮೀನುಗಾರನ ದೂರು ಮೊದಲಾಯಿತು. ಕೆಲವು ವರ್ಷಗಳ ತರುವಾಯ ವೆಲ್ಡನ್, ಡೀಕನ್ ಎಂಬ ರಸಾಯನಜ್ಞರು ಅದೇ ಆಮ್ಲದಿಂದ ಕ್ಲೋರಿನ್ ಅನಿಲವನ್ನು ತೆಗೆಯುವ ಉಪಾಯವನ್ನು ಕಂಡುಹಿಡಿದರು. ಅದರಿಂದ ಬಟ್ಟೆ, ಕಾಗದಗಳನ್ನು ಬಿಳಿಮಾಡುವ ಪುಡಿಯಾಯಿತು. ನಿನ್ನೆ ಹಳ್ಳಕ್ಕೆ ಚೆಲ್ಲಿದ ವಸ್ತುವಿಗೆ ಇಂದು ಬೆಲೆ ಬಂದಿತು. ಹಿಡಿದ ವಿಷಕ್ಕೆ ಒಂದು ನೆಲೆಯನ್ನು ಕಲ್ಪಿಸಿದಾಗಲೇ ಕೆಲಸವು ಪೂರ್ಣವಾದದ್ದು.

ಗಂಧಕದ ಧೂಮವನ್ನು ದೊಡ್ಡ ಪ್ರಮಾಣದಲ್ಲಿ ತೊಳೆದ ಮೊದಲ ಪ್ರಯತ್ನವು ಲಂಡನ್ನಿನ ಬ್ಯಾಟರ್ಸೀ ವಿದ್ಯುದಾಗಾರದ್ದು. ೧೯೩೩ರಲ್ಲಿ ಕೆಲಸಕ್ಕೆ ತೊಡಗಿದ ಆ ಆಗಾರವು ನಗರದ ನಡುವೆ ಇದ್ದುದರಿಂದ, ಹೊಗೆಯನ್ನು ಥೇಮ್ಸ್ ನದಿಯ ನೀರಿನಿಂದಲೂ ಸೀಮೆಸುಣ್ಣದಿಂದಲೂ ತೊಳೆಯುವ ಏರ್ಪಾಟಾಯಿತು. ತೊಳೆದ ನೀರು ಪುನಃ ಥೇಮ್ಸಿಗೇ ಹೋಯಿತು. ತೊಳೆದ ಹೊಗೆಯು ತಣ್ಣಗಾಗಿ, ಒದ್ದೆಯಾಗಿ, ಮೇಲೇರಲಾರದೆ ಕೆಲವೊಮ್ಮೆ ಬೀದಿಗಳಿಗೇ ಇಳಿಯುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಆ ಬಿಳಿಯ ಹೊಗೆಯು ವೈರಿವಿಮಾನಗಳಿಗೆ ಗುರುತಾದೀತೆಂದು ತೊಳೆಯುವದನ್ನೇ ನಿಲ್ಲಿಸಲಾಯಿತು. ಯುದ್ಧವು ಮುಗಿದು, ೧೯೫೨ರ ಡಿಸೆಂಬರ ೫ರಿಂದ ೯ರವರೆಗೆ ಲಂಡನ್ನಿನ ಮೇಲೆ ಕವಿದ ಹೊಗೆಮಂಜಿನಲ್ಲಿ ಸುಮಾರು ೪,೦೦೦ ಜನರು ಸತ್ತರೆಂದು ಆಗ ಎಣಿಸಿದರು. ತರುವಾಯದ ಸಂಶೋಧಕರು ೧೨,೦೦೦ ಎನ್ನುತ್ತಾರೆ. ೧೯೫೬ರಲ್ಲಿ ಶುದ್ಧವಾಯು ಕಾಯದೆಯಾಯಿತು.

ಆದರೂ ಆ ದೇಶಗಳು ಮೊದಲು ಹಿಡಿದ ಸುಲಭಮಾರ್ಗವೆಂದರೆ ಚಿಮಣಿಗಳನ್ನು ಎತ್ತರಿಸುವದು. ಎತ್ತರದ ಹೊಗೆಯು ತಮ್ಮ ಊರನ್ನು ಬಿಟ್ಟು ಹೋಯಿತು. ಆದರೆ ಸ್ವೀಡನ್, ನಾರ್ವೆ ದೇಶಗಳ ಸರೋವರಗಳಲ್ಲಿ ಆಮ್ಲವರ್ಷವಾಗಿ ಇಳಿದು ಮೀನುಗಳನ್ನು ಕೊಂದಿತು. ಸ್ವೀಡನ್ನಿನ ಸ್ವಾಂಟೆ ಓಡೇನ್ ಎಂಬ ವಿಜ್ಞಾನಿಯು ೧೯೬೭ರಲ್ಲಿ ಈ ಸಂಬಂಧವನ್ನು ಲೋಕದ ಕಣ್ಣಿಗೆ ತಂದನು. ೧೯೭೯ರಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು. ೧೯೮೫ರ ಹೆಲ್ಸಿಂಕಿ ಕರಾರಿನಲ್ಲಿ ನೂರಕ್ಕೆ ೩೦ ಭಾಗ ಗಂಧಕಧೂಮವನ್ನು ಇಳಿಸುವದಾಗಿ ಅನೇಕ ರಾಷ್ಟ್ರಗಳು ಮಾತುಕೊಟ್ಟವು. ಭಾರತದಲ್ಲಿ ಮುಂಬಯಿಯ ಟ್ರಾಂಬೆಯ ಟಾಟಾ ವಿದ್ಯುದಾಗಾರವು ೧೯೮೦ರ ದಶಕದ ಕೊನೆಯಲ್ಲಿ ಸಮುದ್ರದ ನೀರಿನಿಂದಲೇ ಹೊಗೆಯನ್ನು ತೊಳೆಯುವ ಸ್ಥಾವರವನ್ನು ಕಟ್ಟಿತು.

ನೆಲದ ಹೊಗೆಗೆ ಹೀಗೆ ಅಂಕುಶ ಬಿದ್ದ ಮೇಲೆ ಕಡಲಿನ ಹೊಗೆಯು ಎದ್ದು ಕಾಣತೊಡಗಿತು. ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಕರಾರು ೧೯೭೩ರಲ್ಲಿಯೂ ೧೯೭೮ರಲ್ಲಿಯೂ ರೂಪುಗೊಂಡಿತ್ತು. ಅದು ಮೊದಲು ಚಿಂತಿಸಿದ್ದು ಸಮುದ್ರಕ್ಕೆ ಚೆಲ್ಲುವ ಎಣ್ಣೆ ಮುಂತಾದವುಗಳನ್ನು. ಹೊಗೆಯನ್ನು ಕುರಿತ ಆರನೆಯ ಅನುಬಂಧವು ೧೯೯೭ರಲ್ಲಿ ಅಂಗೀಕೃತವಾಗಿ ೨೦೦೫ರ ಮೇ ೧೯ರಂದು ಜಾರಿಗೆ ಬಂದಿತು. ಆಗ ತೈಲದಲ್ಲಿ ಗಂಧಕದ ಮಿತಿಯು ನೂರಕ್ಕೆ ೪.೫ ಇತ್ತು. ೨೦೧೨ರಲ್ಲಿ ೩.೫ಕ್ಕೂ, ೨೦೨೦ರ ಜನೇವರಿ ೧ರಿಂದ ೦.೫ಕ್ಕೂ ಇಳಿಯಿತು. ಬಾಲ್ಟಿಕ್, ಉತ್ತರ ಸಮುದ್ರ ಮುಂತಾದ ವಿಶೇಷ ಪ್ರದೇಶಗಳಲ್ಲಿ ೨೦೧೫ರಿಂದಲೇ ೦.೧ ಮಾತ್ರ, ೨೦೨೫ರ ಮೇ ೧ರಿಂದ ಭೂಮಧ್ಯ ಸಮುದ್ರವೂ ಈ ವರ್ಗಕ್ಕೆ ಸೇರಿತು. ೨೦೨೦ರ ನಿಯಮದಿಂದ ಹಡಗುಗಳ ಗಂಧಕಧೂಮವು ನೂರಕ್ಕೆ ೭೭ ಭಾಗ, ಅಂದರೆ ವರ್ಷಕ್ಕೆ ಸುಮಾರು ೮೫ ಲಕ್ಷ ಟನ್ ಕಡಿಮೆಯಾಗುವದೆಂದು ಅಂತರರಾಷ್ಟ್ರೀಯ ನೌಕಾಸಂಸ್ಥೆಯು ಲೆಕ್ಕ ಹಾಕಿತು. ಈ ಮಿತಿಯನ್ನು ೨೦೨೫ರವರೆಗೆ ಮುಂದೂಡಿದ್ದರೆ ಆ ಐದು ವರ್ಷಗಳಲ್ಲಿ ಜಗತ್ತಿನಲ್ಲಿ ೫,೭೦,೦೦೦ಕ್ಕೂ ಹೆಚ್ಚು ಅಕಾಲ ಮರಣಗಳಾಗುತ್ತಿದ್ದವೆಂದು ಫಿನ್‌ಲಂಡಿನವರು ಆ ಸಂಸ್ಥೆಯ ಮುಂದಿಟ್ಟ ಅಧ್ಯಯನವು ಹೇಳಿತ್ತು. ಆದುದರಿಂದ ಇದು ಬರಿಯ ರಸಾಯನದ ಚರ್ಚೆಯಲ್ಲ; ಕಡಲತಡಿಯ ಜನರ ಪ್ರಾಣದ ಚರ್ಚೆ.

ಕಾಯದೆಯು ಒಂದು ಬಾಗಿಲನ್ನು ತೆರೆದಿಟ್ಟಿತ್ತು. ಗಂಧಕ ಕಡಿಮೆಯಿರುವ ತೈಲವನ್ನು ಉರಿಸಬೇಕು, ಇಲ್ಲವೆ ಅದಕ್ಕೆ ಸಮವಾದ ಫಲವನ್ನೀಯುವ ಬೇರೆ ಉಪಾಯವನ್ನು ಮಾಡಬೇಕು ಎಂಬದೇ ಆ ಬಾಗಿಲು. ಆ ಉಪಾಯವೇ ಸ್ಕ್ರಬರ್ ಎಂಬ ಧೂಮಪ್ರಕ್ಷಾಲನ ಯಂತ್ರ. ಇಂಗ್ಲಿಷ ಕಾಲುವೆಯಲ್ಲಿ ಸಂಚರಿಸುತ್ತಿದ್ದ ಪ್ರೈಡ್ ಆಫ್ ಕೆಂಟ್ ಎಂಬ ಪ್ರಯಾಣಿಕರ ಹಡಗಿನಲ್ಲಿ ಈ ಶತಮಾನದ ಮೊದಲನೆಯ ದಶಕದಲ್ಲಿ ಇದರ ಪ್ರಯೋಗಗಳು ನಡೆದವು. ಇಂದು ನಾಲ್ಕು ಸಾವಿರಕ್ಕೂ ಮಿಕ್ಕಿದ ಹಡಗುಗಳಲ್ಲಿ ಇದು ಇರುವದು. ಯಂತ್ರಕ್ಕೆ ಕೆಲವು ದಶಲಕ್ಷ ಡಾಲರು ತಗಲಿದರೂ, ಅಗ್ಗದ ತೈಲಕ್ಕೂ ಶುದ್ಧ ತೈಲಕ್ಕೂ ಇರುವ ಬೆಲೆಯ ಅಂತರದಿಂದ ಆ ಹಣವು ಕೆಲವೇ ವರ್ಷಗಳಲ್ಲಿ ತಿರುಗಿ ಬರುವದುಂಟು. ಹಡಗಿನ ಒಡೆಯರು ಇದಕ್ಕೆ ಒಲಿದ ಕಾರಣವು ಇದೇ.

ಯಂತ್ರದ ರಚನೆಯು ಗಾಸೇಜನ ಗೋಪುರಕ್ಕಿಂತ ತತ್ವದಲ್ಲಿ ಭಿನ್ನವಲ್ಲ. ಹಡಗಿನ ಚಿಮಣಿಯಲ್ಲಿಯೇ ಒಂದು ಗೋಪುರ, ಮೇಲಿಂದ ನೀರಿನ ಸಿಂಪಡಿಕೆ, ಕೆಳಗಿಂದ ಹೊಗೆ. ಸಮುದ್ರದ ನೀರು ಸ್ವಭಾವತಃ ತುಸು ಕ್ಷಾರಗುಣವುಳ್ಳದ್ದು. ಅದರಲ್ಲಿ ಕರಗಿರುವ ಲವಣಗಳು ಸಕ್ಕರೆ ಕಾರಖಾನೆಯ ಸುಣ್ಣದ ಹಾಲಿನ ಕೆಲಸವನ್ನೇ ಮಾಡುವವು. ಕಡಲಿನಿಂದ ನೀರೆತ್ತಿ, ಹೊಗೆಯನ್ನು ತೊಳೆದು, ಆ ನೀರನ್ನು ಕಡಲಿಗೇ ಬಿಡುವದು ತೆರೆದ ಪದ್ಧತಿ. ಇದಕ್ಕೆ ಹತ್ತು ಸಾವಿರ ಕಿಲೋವ್ಯಾಟಿನ ಇಂಜಿನಿಗೆ ತಾಸಿಗೆ ಸುಮಾರು ೪೫೦ ಟನ್ ನೀರು ಬೇಕಾಗುವದು. ಕಾಸ್ಟಿಕ್ ಸೋಡಾ ಮುಂತಾದ ಕ್ಷಾರವನ್ನು ಬೆರೆಸಿದ ನೀರನ್ನು ಮತ್ತೆ ಮತ್ತೆ ಸುತ್ತಿಸಿ, ಅದರಲ್ಲಿಯ ಮಡ್ಡಿಯನ್ನು ಬೇರ್ಪಡಿಸಿ ಬಂದರದಲ್ಲಿ ಇಳಿಸಿಕೊಡುವದು ಮುಚ್ಚಿದ ಪದ್ಧತಿ. ಸ್ಥಳವರಿತು ಎರಡನ್ನೂ ನಡೆಯಿಸುವದು ಮಿಶ್ರ ಪದ್ಧತಿ. ಯಂತ್ರವು ಸರಿಯಾಗಿ ತೊಳೆಯುತ್ತಿದೆಯೋ ಇಲ್ಲವೋ ಎಂಬದನ್ನು, ಹೊಗೆಯಲ್ಲಿಯ ಗಂಧಕದ ಅನಿಲವನ್ನು ಅಂಗಾರಾಮ್ಲವಾಯುವಿನೊಡನೆ ಹೋಲಿಸಿ ನಿರಂತರವಾಗಿ ಅಳೆಯುವರು. ಹೊರಬಿಡುವ ನೀರಿನ ಆಮ್ಲತೆಗೂ ಮಿತಿಯನ್ನು ವಿಧಿಸಿರುವರು.

ಈಗ ಪೂರ್ವಪಕ್ಷ ಸಿದ್ಧಾಂತಗಳನ್ನು ನೋಡಬೇಕು. ಯಂತ್ರದ ಪಕ್ಷದವರು ಹೇಳುವದೇನಂದರೆ: ಸಮುದ್ರದ ಒಂದು ಲೀಟರ ನೀರಿನಲ್ಲಿ ಸಲ್ಫೇಟು ಎಂಬ ಗಂಧಕಲವಣವು ಸ್ವಭಾವತಃ ಸುಮಾರು ೨.೭ ಗ್ರಾಮು ಇರುವದು. ತೊಳೆದ ನೀರಿನಲ್ಲಿ ಸೇರುವ ಗಂಧಕವು ಕೊನೆಗೆ ಅದೇ ಲವಣವಾಗುವದು. ಮಹಾಸಾಗರಕ್ಕೆ ಅದು ಲೆಕ್ಕವೇ ಅಲ್ಲ. ಗಂಧಕದ ಮಟ್ಟಿಗೆ ಈ ಮಾತು ನಿಜವೇ. ಆದರೆ ಎದುರು ಪಕ್ಷದವರ ಆಕ್ಷೇಪವು ಗಂಧಕವೊಂದನ್ನೇ ಕುರಿತದ್ದಲ್ಲ. ದಪ್ಪ ತೈಲದ ಹೊಗೆಯಲ್ಲಿ ವೆನೇಡಿಯಮ್, ನಿಕಲ್ ಮುಂತಾದ ಲೋಹಗಳೂ, ಅರೆಬೆಂದ ಎಣ್ಣೆಯಿಂದ ಹುಟ್ಟುವ ಅಪಾಯಕರ ಸಂಯುಕ್ತಗಳೂ ಇರುವವು. ತೊಳೆಯುವ ನೀರು ಅವನ್ನೂ ಹೊತ್ತುಕೊಂಡು ಹೋಗುವದು. ತೆರೆದ ಮಹಾಸಾಗರದಲ್ಲಿ ಚದರಿಹೋಗುವ ವಸ್ತುವು ಬಂದರಗಳ ನಿಂತ ನೀರಿನಲ್ಲಿ ಸಂಚಯವಾಗುವದು. ನದಿಗಳ ನೀರು ಹೆಚ್ಚು ಸೇರುವ ಬಾಲ್ಟಿಕ್ಕಿನ ಉತ್ತರ ಭಾಗದಂಥ ಕಡೆಗೆ ಕ್ಷಾರವೇ ಕಡಿಮೆ. ಅಲ್ಲಿ ತೊಳೆಯುವ ಶಕ್ತಿಯೂ ಕಡಿಮೆ, ಸಹಿಸುವ ಶಕ್ತಿಯೂ ಕಡಿಮೆ. ಈ ಕಾರಣದಿಂದ ಸಿಂಗಾಪುರವು ೨೦೨೦ರ ಆರಂಭದಿಂದಲೇ ತನ್ನ ಬಂದರದಲ್ಲಿ ತೆರೆದ ಪದ್ಧತಿಯನ್ನು ನಿಷೇಧಿಸಿತು. ಡೆನ್ಮಾರ್ಕ್, ಸ್ವೀಡನ್ ದೇಶಗಳು ೨೦೨೫ರ ಜುಲೈ ೧ರಿಂದ ತಮ್ಮ ಕಡಲಮೇರೆಯೊಳಗೆ ಇದನ್ನು ತಡೆದವು.

ಹಾಗಾದರೆ ಕೆಸರನ್ನು ಮುಟ್ಟದಿರುವ ಮಾರ್ಗವು ನಿರ್ದೋಷವೇ? ತೈಲಶುದ್ಧಿಯ ಕಾರಖಾನೆಗಳಲ್ಲಿ ಜಲಜನಕವನ್ನು ಕೂಡಿಸಿ ಗಂಧಕವನ್ನು ಅನಿಲರೂಪದಲ್ಲಿ ಬೇರ್ಪಡಿಸುವರು. ೧೮೮೩ರಲ್ಲಿ ಕ್ಲಾಸ್ ಎಂಬವನು ಕಂಡುಹಿಡಿದ ವಿಧಾನದ ಸುಧಾರಿಸಿದ ರೂಪದಿಂದ ಆ ಅನಿಲವನ್ನು ತಿರುಗಿ ಹಳದಿಯ ಗಂಧಕವನ್ನಾಗಿ ಮಾಡುವರು. ೧೯೯೬ರಲ್ಲಿ ಕೆಲಸಕ್ಕೆ ತೊಡಗಿದ ಮಂಗಳೂರಿನ ತೈಲಶುದ್ಧಿ ಕಾರಖಾನೆಯಲ್ಲಿಯೂ ಗಂಧಕವನ್ನು ಹೀಗೆ ಹಿಂಪಡೆಯುವ ಘಟಕಗಳಿವೆ. ಈ ಕೆಲಸಕ್ಕೆ ಶಾಖವೂ ಜಲಜನಕವೂ ಬೇಕು; ಅವುಗಳಿಂದ ಅಂಗಾರಾಮ್ಲವಾಯುವು ಹೆಚ್ಚುವದು. ಇನ್ನೊಂದು ವಿಚಿತ್ರವೂ ಉಂಟು. ಗಂಧಕದ ಕಣಗಳು ಕಡಲಿನ ಮೇಲಣ ಮೋಡಗಳನ್ನು ಬಿಳುಪಾಗಿಸಿ ಬಿಸಿಲನ್ನು ತುಸು ತಡೆಯುತ್ತಿದ್ದವು. ಹೊಗೆಯು ಶುದ್ಧವಾದಂತೆ ಆ ನೆರಳು ತೆಳುವಾಗಿ ಭೂಮಿಯ ಕಾವು ಸ್ವಲ್ಪ ಹೆಚ್ಚುವದೆಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಜನರ ಶ್ವಾಸಕೋಶಗಳ ಬೆಲೆಯಿಂದ ಕೊಂಡ ನೆರಳನ್ನು ಉಳಿಸಿಕೊಳ್ಳಬೇಕೆಂಬದು ನ್ಯಾಯವಾಗಲಾರದು. ಶುದ್ಧಿಯ ವಿಧಾನದಲ್ಲಿ ಒಂದು ಗುಣವಂತೂ ನಿಶ್ಚಿತ: ಅಲ್ಲಿ ಗಂಧಕವು ಕೈಗೆ ಸಿಕ್ಕುವದು, ಮಾರಾಟದ ವಸ್ತುವಾಗುವದು. ಗಂಧಕಾಮ್ಲಕ್ಕೆ, ಗೊಬ್ಬರಕ್ಕೆ ಹೋಗುವಂತೆ ಸಕ್ಕರೆ ಕಾರಖಾನೆಗಳ ಕುಲುಮೆಗೂ ಇಂಥ ಗಂಧಕವೇ ಬರುವದು. ಹೀಗೆ ಹಡಗಿನ ಹೊಗೆಯಲ್ಲಿ ವಿಷವಾಗಬಹುದಾಗಿದ್ದ ಗಂಧಕವು ಕಬ್ಬಿನ ಹಾಲನ್ನು ತಿಳಿಮಾಡಿ, ಸುಣ್ಣದೊಡನೆ ಮಡ್ಡಿಯಾಗಿ ಹೊಲವನ್ನು ಸೇರುವದು.

ಈ ವಿಚಾರವು ಭಾರತೀಯ ಶಾಸ್ತ್ರಕ್ಕೆ ಹೊಸದೇನಲ್ಲ. ರಸಶಾಸ್ತ್ರದಲ್ಲಿ ಗಂಧಕವನ್ನು ಔಷಧಕ್ಕೆ ಬಳಸುವ ಮೊದಲು ತುಪ್ಪದಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಹಾಲಿನಲ್ಲಿ ಬೀಳಿಸಿ ಶೋಧಿಸುವ ವಿಧಿಯುಂಟು. ಶೋಧನವು ಪ್ರಯೋಗಕ್ಕೆ ಮೊದಲು ಆಗತಕ್ಕದ್ದೇ ಹೊರತು, ರೋಗಿಗೆ ಅಶುದ್ಧವನ್ನು ಕುಡಿಸಿದ ಮೇಲೆ ಅಲ್ಲ ಎಂಬದು ಆ ವೈದ್ಯರ ನಿಯಮ.

ಇತಿಹಾಸವನ್ನು ಒಟ್ಟಾಗಿ ನೋಡಿದರೆ ಮೂರು ಮೆಟ್ಟಿಲುಗಳು ಕಾಣುವವು. ಹೊಗೆಯನ್ನು ಎತ್ತರದ ಚಿಮಣಿಯಿಂದ ನೆರೆಯವನ ಕಡೆಗೆ ಕಳಿಸುವದು ಮೊದಲನೆಯದು. ಅದನ್ನು ತೊಳೆದು ನೀರಿನ ಪಾಲಿಗೆ ಒಪ್ಪಿಸುವದು ಎರಡನೆಯದು. ದೋಷವನ್ನು ಮೂಲದಲ್ಲಿಯೇ ತೆಗೆದು, ಅಥವಾ ಹಿಡಿದು, ಅದಕ್ಕೊಂದು ನೆಲೆಯನ್ನು ಕಲ್ಪಿಸುವದು ಮೂರನೆಯದು. ಹಡಗಿನ ತೆರೆದ ಪದ್ಧತಿಯು ಎರಡನೆಯ ಮೆಟ್ಟಿಲಿನಲ್ಲಿ ನಿಂತಿರುವದು. ಮುಚ್ಚಿದ ಪದ್ಧತಿಯು ಮೂರನೆಯದರ ಕಡೆಗೆ ಕಾಲಿಟ್ಟಿರುವದು. ಯಂತ್ರವು ನಿಷ್ಪ್ರಯೋಜಕವಲ್ಲ, ಏಳು ಟನ್ ವಿಷವನ್ನು ಗಾಳಿಗೆ ಬಿಡುವದಕ್ಕಿಂತ ಅದು ಸಾವಿರ ಪಾಲು ಮೇಲು. ಆದರೆ ಅದು ತೊಳೆಯುವ ಸಾಧನ. ತೊಳೆದ ನೀರಿಗೆ ಉತ್ತರವಾದಿಯಲ್ಲ.

ಉತ್ತರವಾದಿತ್ವದ ಈ ಪ್ರಶ್ನೆಯು ಕಡಲತಡಿಯಲ್ಲಿಯೇ ನಿಲ್ಲುವದಿಲ್ಲ. ಸಕ್ಕರೆ ಕಾರಖಾನೆಗಳಲ್ಲಿ ಕಬ್ಬಿನ ಸಿಪ್ಪೆಯನ್ನು ಉರಿಸುವ ಬಾಯ್ಲರುಗಳ ಹೊಗೆಯಿಂದ ಕರಿಬೂದಿಯು ಅಂಗಳಗಳಲ್ಲಿ, ಒಣಹಾಕಿದ ಅರಿವೆಗಳ ಮೇಲೆ ಬೀಳದಂತೆ, ಅನೇಕ ಕಡೆಗೆ ಆ ಹೊಗೆಯನ್ನೂ ನೀರಿನಿಂದ ತೊಳೆಯುವರು. ೧೯೭೪ರ ಜಲ ಕಾಯದೆಯೂ ೧೯೮೧ರ ವಾಯು ಕಾಯದೆಯೂ ಎರಡನ್ನೂ ಕಾಯುವದಕ್ಕಾಗಿಯೇ ಆಗಿರುವವು. ಒಂದನ್ನು ಪಾಲಿಸಲು ಇನ್ನೊಂದನ್ನು ಮುರಿಯುವದಕ್ಕಾಗಿ ಅಲ್ಲ. ಕೃಷ್ಣೆಯು ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯನ್ನು ಮುಟ್ಟಿ, ನಿಪ್ಪಾಣಿಯ ಕಡೆಯಿಂದ ಬರುವ ವೇದಗಂಗಾ ದೂಧಗಂಗೆಗಳ ನೀರನ್ನು ಕೂಡಿಸಿಕೊಂಡು, ಕೊನೆಗೆ ಪೂರ್ವ ಸಮುದ್ರವನ್ನು ಸೇರುವಳು. ಈ ಐದು ತಾಲೂಕುಗಳ ಯಾವ ಹಳ್ಳಕ್ಕೆ ಏನನ್ನು ಬಿಟ್ಟರೂ ಅದು ಒಂದು ದಿನ ಅದೇ ಕಡಲಿಗೆ ಹೋಗತಕ್ಕದ್ದು. ಆದರೆ ಅದಕ್ಕೆ ಮೊದಲು ದಂಡೆಯ ಊರುಗಳ ಕೊಡಗಳಲ್ಲಿ ಹಾದುಹೋಗುವದು. ಆದುದರಿಂದ ಯಾವ ಯಂತ್ರವು ಎಷ್ಟು ತೊಳೆಯಿತೆಂಬ ಲೆಕ್ಕವನ್ನು ಕೇಳಿದಾಗಲೆಲ್ಲ, ತೊಳೆದ ನೀ��ು ಎಲ್ಲಿಗೆ ಹೋಯಿತೆಂಬ ಲೆಕ್ಕವನ್ನೂ ಜನರು ಕೇಳಬೇಕು. ಪಂಕಪ್ರಕ್ಷಾಲನ ನ್ಯಾಯವನ್ನು ಕಟ್ಟಿದ ಹಿರಿಯರು ಕಾಲಿನ ಶುದ್ಧಿಯನ್ನಷ್ಟೇ ಹೇಳಿದರು. ಕೆಳಗಣ ದಂಡೆಯಲ್ಲಿ ನೀರಿಗೆ ಬಂದವರನ್ನು ನೆನೆಯುವದು ಈ ಕಾಲದವರ ಕರ್ತವ್ಯವಾಗಿರುವದು.